ಪುಟ್ಟ ಗೇಮಿಂಗ್ ಲ್ಯಾಪ್‌ಟಾಪ್: ಚಿಪ್ಪಿನ ಹೆಸರಿಗಿಂತ ವ್ಯಾಟ್ ಮುಖ್ಯ

ಒಂದು ಕಿಲೋ ಆಸುಪಾಸಿನ ಲ್ಯಾಪ್‌ಟಾಪ್. ಚೀಲದಲ್ಲಿ ಇರುವುದೇ ಗೊತ್ತಾಗಬಾರದು. ಹಗಲು ಅದರಲ್ಲೇ ಓದು, ಬರಹ, ಕೆಲಸ. ರಾತ್ರಿ ಅದೇ ಯಂತ್ರದಲ್ಲಿ ಹೊಸ ಗೇಮ್‌ಗಳು ಸರಾಗವಾಗಿ ಓಡಬೇಕು. ಈ ಆಸೆ ನನಗೂ ಇದೆ, ಬಹಳ ವರ್ಷಗಳಿಂದ ಇದೆ. ಚಿಕ್ಕ ಯಂತ್ರಗಳೆಂದರೆ ನನಗೆ ಪ್ರೀತಿ. ಅದಕ್ಕೇ ಅವುಗಳನ್ನು ಕೊಳ್ಳುವ ಮೊದಲು ಗಟ್ಟಿಯಾಗಿ ತೂಗಿ ನೋಡಬೇಕು ಅನ್ನುತ್ತೇನೆ. ಪೆಟ್ಟಿಗೆಯ ಮೇಲೆ ಬರೆದದ್ದಕ್ಕೂ ಆಡಲು ಕೂತಾಗ ಸಿಗುವುದಕ್ಕೂ ಇಲ್ಲಿರುವಷ್ಟು ಅಂತರ ಬೇರೆ ಲ್ಯಾಪ್‌ಟಾಪ್‌ಗಳಲ್ಲಿ ಕಾಣುವುದಿಲ್ಲ.

ಈ ಆಸೆ ಹೊಸದೇನಲ್ಲ. 2010ರಲ್ಲಿ ಏಲಿಯನ್‌ವೇರ್ ಎಂ11ಎಕ್ಸ್ ಬಂತು. 11.6 ಇಂಚಿನ ಪರದೆ, ಸುಮಾರು ಎರಡು ಕಿಲೋ ತೂಕ, ಒಳಗೆ ಗೇಮಿನ ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್ಪು, ಎನ್ವಿಡಿಯಾ ಕಂಪನಿಯ ಜಿಟಿ 335ಎಂ. ಆ ಕಾಲಕ್ಕೆ ಅದೊಂದು ಸಾಹಸ. ಆದರೆ ಶಾಖವನ್ನು ಹಿಡಿತದಲ್ಲಿಡಲು ಅದಕ್ಕೆ ಕಡಿಮೆ ವಿದ್ಯುತ್ತಿನ, ನಿಧಾನದ ಪ್ರೊಸೆಸರ್ ಹಾಕಬೇಕಾಯಿತು. ಗ್ರಾಫಿಕ್ಸ್ ಓಡಲು ಸಿದ್ಧ, ಪ್ರೊಸೆಸರ್ ಏದುಸಿರು ಬಿಡುತ್ತಾ ಹಿಂದೆ. 2012ರಲ್ಲಿ ಆ ಮಾದರಿ ನಿಂತೇಹೋಯಿತು. ಆಮೇಲೆ ದೊಡ್ಡ ಕಂಪನಿಗಳು 11 ಇಂಚಿನ ಗೇಮಿಂಗ್ ಲ್ಯಾಪ್‌ಟಾಪಿನ ಕಡೆ ಹೆಚ್ಚು ತಿರುಗಿ ನೋಡಲಿಲ್ಲ.

ಆಸೆ ಮಾತ್ರ ಸಾಯಲಿಲ್ಲ, ಎರಡು ಕವಲಾಯಿತು. ಒಂದು ಕವಲು 14 ಇಂಚಿನ ಕಡೆ ಹೋಯಿತು. 2020ರ ಆಸುಸ್ ಝೆಫಿರಸ್ ಜಿ14 ಸುಮಾರು 1.6 ಕಿಲೋ ತೂಕದಲ್ಲಿ ಆರ್‌ಟಿಎಕ್ಸ್ 2060 ದರ್ಜೆಯ ಗ್ರಾಫಿಕ್ಸ್ ಕೊಟ್ಟಾಗ ಆ ದಾರಿ ಗಟ್ಟಿಯಾಯಿತು. ಇನ್ನೊಂದು ಕವಲು ಅಂಗೈಯ ಕಡೆ ಹೋಯಿತು. 2016ರಲ್ಲಿ 5.5 ಇಂಚಿನ ಜಿಪಿಡಿ ವಿನ್, 2022ರಲ್ಲಿ ವಾಲ್ವ್ ಕಂಪನಿಯ ಸ್ಟೀಮ್ ಡೆಕ್, 2023ರಲ್ಲಿ ಆರ್‌ಒಜಿ ಆಲೈ. ಈ ಎರಡರ ನಡುವೆ, ಅಂದರೆ 8ರಿಂದ 13 ಇಂಚಿನವರೆಗೆ, ಬೆರಳೆಣಿಕೆಯ ಯಂತ್ರಗಳಷ್ಟೇ ಇವೆ. ಹೀಗೇಕೆ ಅಂತ ಗೊತ್ತಾದರೆ ಯಾವುದನ್ನು ಕೊಳ್ಳಬೇಕು ಅನ್ನುವುದೂ ಅರ್ಧ ಗೊತ್ತಾದಂತೆ.

ಕಾರಣ ಶಾಖ. ಲ್ಯಾಪ್‌ಟಾಪ್ ಎಳೆದುಕೊಳ್ಳುವ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿ ಶಾಖವಾಗಿಯೇ ಹೊರಗೆ ಬರಬೇಕು. ಬೇರೆ ದಾರಿ ಇಲ್ಲ. ಗೇಮ್ ಆಡುವಾಗ ಯಂತ್ರ 100 ವ್ಯಾಟ್ ಎಳೆದರೆ ಹಳೆಯ ಕಾಲದ ನೂರು ವ್ಯಾಟಿನ ಬಲ್ಬೊಂದು ಕೀಬೋರ್ಡಿನ ಕೆಳಗೆ ಉರಿಯುತ್ತಿದ್ದಂತೆ. ಆ ಬಿಸಿಯನ್ನು ತಾಮ್ರದ ಹೀಟ್ ಪೈಪ್‌ಗಳು ಹೊತ್ತೊಯ್ದು ತೆಳ್ಳಗಿನ ಲೋಹದ ಪಟ್ಟಿಗಳಿಗೆ ದಾಟಿಸುತ್ತವೆ. ಫ್ಯಾನ್ ಆ ಪಟ್ಟಿಗಳ ನಡುವೆ ಗಾಳಿ ಊದಿ ಬಿಸಿಯನ್ನು ಹೊರಗೆ ತಳ್ಳುತ್ತದೆ. ಇದಕ್ಕೆಲ್ಲ ಜಾಗ ಬೇಕು ಅಲ್ವಾ? 11.6 ಇಂಚಿನ ಪರದೆಯ ವಿಸ್ತೀರ್ಣ 17.3 ಇಂಚಿನ ಪರದೆಯ ಅರ್ಧದಷ್ಟೂ ಇಲ್ಲ. ಪರದೆ ಚಿಕ್ಕದಾದಂತೆ ಪೆಟ್ಟಿಗೆಯೂ ಚಿಕ್ಕದಾಗುತ್ತದೆ. ಫ್ಯಾನ್, ಹೀಟ್ ಪೈಪ್, ಬ್ಯಾಟರಿ ಮೂರೂ ಅದೇ ಅಂಗೈಯಗಲದ ಜಾಗಕ್ಕೆ ಕಿತ್ತಾಡುತ್ತವೆ. ಬ್ಯಾಟರಿ ದೊಡ್ಡದು ಮಾಡಿದರೆ ಫ್ಯಾನ್ ಸಣ್ಣದಾಗುತ್ತದೆ. ಸಣ್ಣ ಫ್ಯಾನ್ ಅಷ್ಟೇ ಗಾಳಿ ಕೊಡಬೇಕಾದರೆ ಇನ್ನೂ ಜೋರಾಗಿ ಸುತ್ತಬೇಕು. ಜೋರಾಗಿ ಸುತ್ತಿದರೆ ಕಿರುಗುಟ್ಟುವ, ಕಿವಿಗೆ ಚುಚ್ಚುವ ಸದ್ದು.

ಚಿಪ್ಪು ಸುಮಾರು 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಇದನ್ನೇ ಥ್ರಾಟಲ್ ಆಗುವುದು ಅನ್ನುತ್ತಾರೆ. ಮೋಸ ಹೋಗುವುದು ಇಲ್ಲೇ. ಮೊದಲ ಐದು ನಿಮಿಷ ಎಲ್ಲ ಚೆನ್ನಾಗಿರುತ್ತದೆ, ಏಕೆಂದರೆ ಲೋಹ ಇನ್ನೂ ತಣ್ಣಗಿರುತ್ತದೆ. ಇಪ್ಪತ್ತನೇ ನಿಮಿಷಕ್ಕೆ ಒಳಗೆಲ್ಲ ಬಿಸಿ ತುಂಬಿ, ಯಂತ್ರ ತಾಳಿಕೊಳ್ಳುವ ಮಟ್ಟಕ್ಕೆ ಬಂದು ನಿಲ್ಲುತ್ತದೆ. ನನ್ನ ಬಳಿ ಹಿಂದೆ ಇದ್ದ 13 ಇಂಚಿನ ಯಂತ್ರ ಹೀಗೇ ಮಾಡುತ್ತಿತ್ತು. ಮೊದಲ ಸುತ್ತಿನಲ್ಲಿ ನುಣುಪಾಗಿ ಓಡಿದ ಗೇಮ್ ಮೂರನೇ ಸುತ್ತಿಗೆ ಮುಗ್ಗರಿಸುತ್ತಿತ್ತು. ತಪ್ಪು ಗೇಮಿನದೇನೋ ಅಂದುಕೊಂಡು ವಾರಗಟ್ಟಲೆ ಸೆಟ್ಟಿಂಗ್ಸ್ ಬದಲಿಸುತ್ತಾ ಕೂತಿದ್ದೆ. ಕೊನೆಗೆ ಉಷ್ಣತೆ ತೋರಿಸುವ ಒಂದು ಸಣ್ಣ ಸಾಫ್ಟ್‌ವೇರ್ ಹಾಕಿಕೊಂಡಾಗಲೇ ನಿಜ ತಿಳಿದದ್ದು.

ಈಗ ಹೆಸರಿನ ವಿಚಾರ. ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು ಈ ಹಂತದಲ್ಲಿ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಚಿಪ್ಪಿಗೆ ಎನ್ವಿಡಿಯಾ ಕೊಟ್ಟಿರುವ ವಿದ್ಯುತ್ ಮಿತಿ 35ರಿಂದ 115 ವ್ಯಾಟ್. ಅದಕ್ಕಿಂತ ಮೇಲಿನ ದರ್ಜೆಯ ಆರ್‌ಟಿಎಕ್ಸ್ 4070ಕ್ಕೂ ಅದೇ, 35ರಿಂದ 115. ಅಂದರೆ ಒಂದೇ ಹೆಸರಿನ ಚಿಪ್ಪು ಒಂದು ಯಂತ್ರದಲ್ಲಿ ಇನ್ನೊಂದರ ಮೂರನೇ ಒಂದು ಭಾಗದಷ್ಟೇ ವಿದ್ಯುತ್ತಿನಲ್ಲಿ ಬದುಕುತ್ತಿರಬಹುದು. ಪೆಟ್ಟಿಗೆಯ ಮೇಲಿನ ಸ್ಟಿಕ್ಕರ್ ಎರಡರಲ್ಲೂ ಒಂದೇ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅನ್ನುವ ಗಾದೆ ಇಂಥದ್ದಕ್ಕೇ ಇರಬೇಕು. ತೆಳ್ಳಗಿನ ಯಂತ್ರದಲ್ಲಿ ಕೈಕಾಲು ಕಟ್ಟಿಸಿಕೊಂಡು ಕೂತ 4070ನ್ನು, ತುಸು ದಪ್ಪ ಯಂತ್ರದಲ್ಲಿ ಹೊಟ್ಟೆ ತುಂಬ ವಿದ್ಯುತ್ತು ಸಿಗುವ 4060 ಹಿಂದೆ ಹಾಕಬಹುದು. ಆದರೂ ಕೊಳ್ಳುವವರು 4070ಕ್ಕೇ ಜಾಸ್ತಿ ಕೊಟ್ಟು ತರುತ್ತಾರೆ.

ಮೊದಲು ಇಷ್ಟು ಗೊಂದಲ ಇರಲಿಲ್ಲ. 2017ರಲ್ಲಿ ಎನ್ವಿಡಿಯಾ ಮ್ಯಾಕ್ಸ್-ಕ್ಯೂ ಅನ್ನುವ ಏರ್ಪಾಡು ತಂದಿತು. ತೆಳು ಯಂತ್ರಗಳಿಗಾಗಿ ವಿದ್ಯುತ್ತು ತಗ್ಗಿಸಿದ ಚಿಪ್ಪಿನ ಹೆಸರಿನ ಕೊನೆಗೆ ಆ ಪದ ಇರುತ್ತಿತ್ತು. ನೋಡಿದ ತಕ್ಷಣ ಗೊತ್ತಾಗುತ್ತಿತ್ತು. 2021ರ ಆರ್‌ಟಿಎಕ್ಸ್ 30 ಸರಣಿಯಿಂದ ಆ ಬಾಲ ಹೆಸರಿನಿಂದ ಕಳಚಿಹೋಯಿತು. ಕಂಪನಿಗಳ ಪುಟಗಳಲ್ಲಿ ವ್ಯಾಟ್ ಸಂಖ್ಯೆ ಎಲ್ಲೋ ಕೆಳಗೆ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಹುಡುಕಿ ಓದಿ. ಟಿಜಿಪಿ ಅಥವಾ ಗ್ರಾಫಿಕ್ಸ್ ಪವರ್ ಅನ್ನುವ ಹೆಸರಿನಲ್ಲಿ ಇರುತ್ತದೆ. ಪುಟ್ಟ ಯಂತ್ರದ ಮಟ್ಟಿಗೆ ನಾನು ಮೊದಲು ನೋಡುವ ಸಂಖ್ಯೆ ಅದೇ. ಅದು ಎಲ್ಲೂ ಸಿಗದಿದ್ದರೆ ಆ ಯಂತ್ರವನ್ನು ನಾನು ಬಿಟ್ಟುಬಿಡುತ್ತೇನೆ.

ಹಾಗಂತ ಕಡಿಮೆ ವ್ಯಾಟ್ ಅಂದರೆ ಕೆಲಸಕ್ಕೆ ಬಾರದ್ದು ಅಂತ ತಿಳಿಯಬೇಡಿ. ಇಲ್ಲೊಂದು ಒಳ್ಳೆಯ ಸುದ್ದಿ ಇದೆ. ಚಿಪ್ಪಿನ ವೇಗ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. ಖರ್ಚಾಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಹಾಗಾಗಿ ಕೊನೆಯ ಸ್ವಲ್ಪ ವೇಗಕ್ಕೆ ವಿಪರೀತ ವಿದ್ಯುತ್ತು ತೆರಬೇಕಾಗುತ್ತದೆ. ಇದನ್ನೇ ತಿರುಗಿಸಿ ನೋಡಿ. ವಿದ್ಯುತ್ತನ್ನು ಅರ್ಧಕ್ಕೆ ಇಳಿಸಿದರೆ ವೇಗ ಅರ್ಧಕ್ಕೆ ಇಳಿಯುವುದಿಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ನಷ್ಟದಲ್ಲಿ ಮುಗಿಯುತ್ತದೆ. ಪುಟ್ಟ ಯಂತ್ರಗಳು ಬದುಕಿರುವುದೇ ಈ ಲೆಕ್ಕದ ಮೇಲೆ. ಸೆಕೆಂಡಿಗೆ 60 ಫ್ರೇಮ್‌ಗೆ, ಅಂದರೆ 60 ಚಿತ್ರಗಳಿಗೆ, ಮಿತಿ ಹಾಕಿ. ನೆರಳು, ಪ್ರತಿಬಿಂಬದಂಥ ಭಾರದ ಸೆಟ್ಟಿಂಗ್‌ಗಳನ್ನು ಒಂದು ಮೆಟ್ಟಿಲು ಇಳಿಸಿ. ಫ್ಯಾನಿನ ಸದ್ದು ಅಡಗುತ್ತದೆ, ಕೀಬೋರ್ಡ್ ತಣ್ಣಗಾಗುತ್ತದೆ, ಆಟ ಮೊದಲಿನಷ್ಟೇ ಚೆಂದ ಕಾಣುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಚಿಕ್ಕ ಯಂತ್ರ ನಿಜಕ್ಕೂ ಖುಷಿ ಕೊಡುತ್ತದೆ.

ಪರದೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಮೊದಲ ಸ್ಟೀಮ್ ಡೆಕ್ಕಿನ 7 ಇಂಚಿನ ಪರದೆಯಲ್ಲಿ 1280 ಗುಣಿಸು 800, ಅಂದರೆ 10.24 ಲಕ್ಷ ಚುಕ್ಕಿಗಳಿವೆ. ಇವತ್ತಿನ ಹಲವು 14 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ 2560 ಗುಣಿಸು 1600, ಅಂದರೆ 40.96 ಲಕ್ಷ. ಸರಿಯಾಗಿ ನಾಲ್ಕು ಪಟ್ಟು. ಚುಕ್ಕಿಗಳ ದಟ್ಟಣೆ ಎರಡರಲ್ಲೂ ಒಂದೇ, ಇಂಚಿಗೆ ಸುಮಾರು 216. ಬರೀ 15 ವ್ಯಾಟಿನೊಳಗಿನ ಚಿಪ್ಪು ಇಟ್ಟುಕೊಂಡು ಡೆಕ್ ಅಷ್ಟೊಂದು ಗೇಮ್‌ಗಳನ್ನು ಓಡಿಸುವುದರ ಗುಟ್ಟು ಇದರಲ್ಲೇ ಇದೆ. ಅದು ಕಡಿಮೆ ಕೆಲಸವನ್ನು ಒಪ್ಪಿಕೊಂಡಿದೆ. ಚಿಕ್ಕ ಪರದೆಯ ಯಂತ್ರಕ್ಕೆ ಅತಿ ಹೆಚ್ಚು ರೆಸಲ್ಯೂಶನ್ ತುರುಕುವುದು ನನ್ನ ಪ್ರಕಾರ ತಪ್ಪು. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಗ್ರಾಫಿಕ್ಸ್ ಚಿಪ್ಪಿಗೆ ಮಾತ್ರ ಹೊರೆ. ಕಡಿಮೆ ಚುಕ್ಕಿಗಳಲ್ಲಿ ಚಿತ್ರ ಬಿಡಿಸಿ ಹಿಗ್ಗಿಸುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ತಂತ್ರಗಳು ಇಲ್ಲಿ ನೆರವಿಗೆ ಬರುತ್ತವೆ ನಿಜ. ಆದರೆ ಮೊದಲೇ ಕಡಿಮೆ ಇರುವ ರೆಸಲ್ಯೂಶನ್ನಿನಿಂದ ಹಿಗ್ಗಿಸಿದರೆ ಕೂದಲು, ಎಲೆ, ತಂತಿಬೇಲಿಯಂಥ ಸಣ್ಣ ವಿವರಗಳು ಕಲಸಿಹೋಗುತ್ತವೆ.

ಗ್ರಾಫಿಕ್ಸಿಗೆ ಬೇರೆ ಚಿಪ್ಪೇ ಇಲ್ಲದೆ, ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇರುವ ಯಂತ್ರಗಳ ಕಥೆ ಕಳೆದ ಕೆಲವು ವರ್ಷಗಳಲ್ಲಿ ಪೂರ್ತಿ ಬದಲಾಗಿದೆ. ಪುಟ್ಟ ಲ್ಯಾಪ್‌ಟಾಪಿನ ಮುಂದಿನ ದಾರಿ ಇದೇ ಅಂತ ನಾನು ನಂಬಿದ್ದೇನೆ. ಇವುಗಳ ದೌರ್ಬಲ್ಯ ಮೊದಲಿಂದಲೂ ಲೆಕ್ಕ ಮಾಡುವ ಶಕ್ತಿಯಲ್ಲಿ ಅಷ್ಟಾಗಿ ಇರಲಿಲ್ಲ, ಮೆಮೊರಿಯ ವೇಗದಲ್ಲಿತ್ತು. ಬೇರೆ ಗ್ರಾಫಿಕ್ಸ್ ಚಿಪ್ಪಿಗೆ ತನ್ನದೇ ವೇಗದ ಮೆಮೊರಿ ಇರುತ್ತದೆ. ಲ್ಯಾಪ್‌ಟಾಪಿನ 4060ಕ್ಕೆ ಸೆಕೆಂಡಿಗೆ 256 ಜಿಬಿ ಸಾಗಿಸುವ ದಾರಿ ಇದೆ. ಒಳಗೇ ಇರುವ ಗ್ರಾಫಿಕ್ಸ್ ಮಾತ್ರ ಪ್ರೊಸೆಸರ್ ಬಳಸುವ ಸಾಮಾನ್ಯ ರ್‍ಯಾಮನ್ನೇ ಹಂಚಿಕೊಂಡು ತಿನ್ನಬೇಕು. ಅದರ ದಾರಿ ಸಾಮಾನ್ಯವಾಗಿ 90ರಿಂದ 120 ಜಿಬಿ ಅಷ್ಟೇ. 2025ರಲ್ಲಿ ಬಂದ ಎಎಂಡಿಯ ರೈಜನ್ ಎಐ ಮ್ಯಾಕ್ಸ್ ಪ್ಲಸ್ 395 ಈ ದಾರಿಯನ್ನು ಅಗಲ ಮಾಡಿತು. ಅದರಲ್ಲಿ 40 ಗ್ರಾಫಿಕ್ಸ್ ಘಟಕಗಳಿವೆ, ಮೆಮೊರಿಯ ವೇಗ 4060ರಷ್ಟೇ, ಸೆಕೆಂಡಿಗೆ 256 ಜಿಬಿ. ಹಿಂದಿನ ಚಿಪ್ಪುಗಳಲ್ಲಿ ಅಂಥ ಘಟಕಗಳು 12 ಅಥವಾ 16 ಇರುತ್ತಿದ್ದವು. 13.4 ಇಂಚಿನ ಆರ್‌ಒಜಿ ಫ್ಲೋ ಝಡ್13 ಟ್ಯಾಬ್ಲೆಟ್‌ನಲ್ಲಿ ಈ ಚಿಪ್ಪು ಕೂತಿದೆ. ಒಂದೇ ಚಿಪ್ಪು, ಒಂದೇ ಕಡೆ ಶಾಖ, ಒಂದೇ ಮೆಮೊರಿ. ಜಾಗ ಉಳಿಯುತ್ತದೆ. ಬೆಲೆ ಮಾತ್ರ ಇನ್ನೂ ಕೈಗೆಟುಕುವ ಹಾಗಿಲ್ಲ.

ಇದೇ ಕಾರಣಕ್ಕೆ ಒಂದು ಎಚ್ಚರಿಕೆ. ಒಳಗೇ ಗ್ರಾಫಿಕ್ಸ್ ಇರುವ ಯಂತ್ರಕ್ಕೆ ಒಂದೇ ಪಟ್ಟಿ ರ್‍ಯಾಮ್ ಹಾಕಿದ್ದರೆ ಮೆಮೊರಿಯ ದಾರಿ ಅರ್ಧಕ್ಕೆ ಅರ್ಧ ಕುಗ್ಗುತ್ತದೆ. ಗೇಮ್ ಮೊದಲು ಸೊರಗುವುದು ಅಲ್ಲೇ. 16 ಜಿಬಿ ಅಂತ ಬರೆದಿದ್ದರೆ ಒಂದು ಪಟ್ಟಿಯಾ, ಎರಡಾ ಅಂತ ಕೇಳಿ ತಿಳಿದುಕೊಳ್ಳಿ. ತೀರಾ ತೆಳು ಯಂತ್ರಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆಮೇಲೆ ಸೇರಿಸಲು ಆಗುವುದಿಲ್ಲ. ಗ್ರಾಫಿಕ್ಸ್ ಕೂಡ ಅದರಲ್ಲೇ ಪಾಲು ತೆಗೆದುಕೊಳ್ಳುವುದರಿಂದ ಇಂಥ ಯಂತ್ರದಲ್ಲಿ 16 ಜಿಬಿ ಬೇಗ ಸಾಲದೆ ಹೋಗುತ್ತದೆ. ಮೊದಲೇ 32 ಜಿಬಿ ತೆಗೆದುಕೊಂಡವರು ನಾಲ್ಕು ವರ್ಷ ನೆಮ್ಮದಿಯಿಂದ ಇರುತ್ತಾರೆ.

ಇನ್ನು ಬ್ಯಾಟರಿ. ಇದರಲ್ಲಿ ಗುಣಾಕಾರ ಭಾಗಾಕಾರ ಬಿಟ್ಟರೆ ಬೇರೇನೂ ಇಲ್ಲ. ವಿಮಾನದಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್, ಅಂದರೆ 100 ವ್ಯಾಟನ್ನು ಒಂದು ಗಂಟೆ ಕೊಡುವಷ್ಟು. ಹಾಗಾಗಿ ಹೆಚ್ಚುಕಡಿಮೆ ಯಾವ ಲ್ಯಾಪ್‌ಟಾಪೂ ಅದನ್ನು ದಾಟುವುದಿಲ್ಲ, ಚಿಕ್ಕವು 50ರಿಂದ 75ರ ಒಳಗೇ ನಿಲ್ಲುತ್ತವೆ. 70 ವ್ಯಾಟ್-ಅವರ್ ಬ್ಯಾಟರಿ, 100 ವ್ಯಾಟ್ ಎಳೆಯುವ ಗೇಮ್ ಅಂದರೆ 42 ನಿಮಿಷ. ನಿಜದಲ್ಲಿ ಬ್ಯಾಟರಿಯ ಮೇಲೆ ಓಡುವಾಗ ಯಂತ್ರ ತಾನೇ ವೇಗ ತಗ್ಗಿಸಿಕೊಳ್ಳುವುದರಿಂದ ಇನ್ನಷ್ಟು ಹೊತ್ತು ಬರುತ್ತದೆ, ಆದರೆ ಆಟ ಅಷ್ಟೇ ಸೊರಗುತ್ತದೆ. ಬೇರೆ ಗ್ರಾಫಿಕ್ಸ್ ಚಿಪ್ಪು ಇರುವ ಲ್ಯಾಪ್‌ಟಾಪಿನಲ್ಲಿ ಗೇಮ್ ಆಡುವುದು ಅಂದರೆ ಪ್ಲಗ್ಗಿನ ಪಕ್ಕದಲ್ಲಿ ಕೂತು ಆಡುವುದು. ರೈಲಿನ ಸೀಟಿನಲ್ಲಿ, ಮರದ ಕೆಳಗೆ ಆಡುವ ಚಿತ್ರ ಮನಸ್ಸಿನಲ್ಲಿದ್ದರೆ ಅದಕ್ಕೆ ಬೇರೆ ಯಂತ್ರ ಬೇಕು.

ಕೈಯಲ್ಲಿ ಹಿಡಿಯುವ ಯಂತ್ರಗಳು ಗೆಲ್ಲುವುದು ಇಲ್ಲೇ. ಮೊದಲ ಸ್ಟೀಮ್ ಡೆಕ್ಕಿಗೆ 40 ವ್ಯಾಟ್-ಅವರ್ ಇತ್ತು. 2023ರ ಒಎಲ್‌ಇಡಿ ಪರದೆಯ ಡೆಕ್ಕಿಗೆ 50. ಆರ್‌ಒಜಿ ಆಲೈ 40ರಲ್ಲಿ ಶುರುವಾಗಿ, 2024ರ ಆಲೈ ಎಕ್ಸ್‌ನಲ್ಲಿ ಒಂದೇ ಸಲಕ್ಕೆ 80 ಆಯಿತು. ತೂಕ ಏರಿದ್ದು 608 ಗ್ರಾಂನಿಂದ 678ಕ್ಕೆ ಮಾತ್ರ. 20 ವ್ಯಾಟಿನ ಸುತ್ತಮುತ್ತ ಓಡುವ ಯಂತ್ರಕ್ಕೆ 80 ವ್ಯಾಟ್-ಅವರ್ ಅಂದರೆ ಹತ್ತಿರ ಹತ್ತಿರ ನಾಲ್ಕು ಗಂಟೆ. ಯಾವ ಪುಟ್ಟ ಗೇಮಿಂಗ್ ಲ್ಯಾಪ್‌ಟಾಪೂ ಇದರ ಹತ್ತಿರ ಬರುವುದಿಲ್ಲ.

ಚಾರ್ಜರ್ ವಿಷಯವನ್ನು ಎಲ್ಲರೂ ಮರೆಯುತ್ತಾರೆ. 1.5 ಕಿಲೋ ಲ್ಯಾಪ್‌ಟಾಪಿನ ಜೊತೆ ಅರ್ಧ ಕಿಲೋ ಮೀರಿದ ಚಾರ್ಜರ್ ಹೊರಬೇಕಾದರೆ ಹಗುರದ ಮಾತಿಗೆ ಅರ್ಥವೇ ಇಲ್ಲ. ಯುಎಸ್‌ಬಿ-ಸಿ ಮೂಲಕ 100 ವ್ಯಾಟ್‌ನಲ್ಲಿ ಪೂರ್ತಿ ವೇಗದಿಂದ ಆಡಬಹುದಾ ಅಂತ ನೋಡಿ. ಆಗುತ್ತದೆ ಅಂದರೆ ಫೋನಿಗೂ ಲ್ಯಾಪ್‌ಟಾಪಿಗೂ ಒಂದೇ ಸಣ್ಣ ಚಾರ್ಜರ್ ಸಾಕು. ಯುಎಸ್‌ಬಿ-ಸಿ ನಿಯಮಗಳು 2021ರಲ್ಲೇ 240 ವ್ಯಾಟ್‌ವರೆಗೆ ಹಿಗ್ಗಿದವು. ಅಷ್ಟನ್ನೂ ಬಳಸುವ ಲ್ಯಾಪ್‌ಟಾಪ್‌ಗಳು ಮಾತ್ರ ಇನ್ನೂ ಕಡಿಮೆ.

8ರಿಂದ 10 ಇಂಚಿನ, ಕೀಬೋರ್ಡೂ ಇರುವ, ಗೇಮ್ ಗುಂಡಿಗಳೂ ಇರುವ ಯಂತ್ರಗಳ ಬಗ್ಗೆ ಬೇರೆಯಾಗಿ ಹೇಳಬೇಕು. 2022ರ ಜಿಪಿಡಿ ವಿನ್ ಮ್ಯಾಕ್ಸ್ 2 ಅಂಥದ್ದು. 10.1 ಇಂಚಿನ ಪರದೆ, ಸುಮಾರು ಒಂದು ಕಿಲೋ, ಒಳಗೆ ಎಎಂಡಿಯ ರೈಜನ್ 7 6800ಯು ಪ್ರೊಸೆಸರ್. ನೋಡಿದ ತಕ್ಷಣ ಮನಸ್ಸು ಸೋಲುತ್ತದೆ. ಎಲ್ಲ ಒಂದರಲ್ಲೇ ಇದೆ. ಆದರೆ ಟೈಪ್ ಮಾಡಿ ನೋಡಬೇಕು. ದೊಡ್ಡ ಕೀಬೋರ್ಡಿನಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ್ದರ ನಡುವಿಗೆ ಸುಮಾರು 19 ಮಿಲಿಮೀಟರ್ ಇರುತ್ತದೆ. ಈ ಯಂತ್ರಗಳಲ್ಲಿ ಅಷ್ಟು ಅಗಲ ಸಿಗುವುದಿಲ್ಲ. ಒಂದು ಪುಟ ಬರೆಯಬಹುದು, ದಿನವಿಡೀ ಬರೆದರೆ ಮಣಿಕಟ್ಟು ನೋಯುತ್ತದೆ. ಇತ್ತ ಆಡುವಾಗಲೂ ಒಂದು ಕಿಲೋವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುವುದು ಭಾರ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಹಾಗೆ, ಎರಡು ಬಗೆಯ ಬಳಕೆ ಒಂದೇ ದೇಹವನ್ನು ಎರಡು ಕಡೆಗೆ ಜಗ್ಗುತ್ತವೆ. ಸದಾ ಪ್ರಯಾಣದಲ್ಲಿರುವವರಿಗೆ, ಚೀಲದಲ್ಲಿ ಇನ್ನೊಂದು ವಸ್ತುವಿಗೆ ಜಾಗವೇ ಇಲ್ಲದವರಿಗೆ ಇವು ವರ. ಉಳಿದವರು ಸಾಧಾರಣ ಹಗುರ ಲ್ಯಾಪ್‌ಟಾಪ್ ಒಂದು, ಕೈಯಲ್ಲಿ ಹಿಡಿಯುವ ಗೇಮ್ ಯಂತ್ರ ಒಂದು ಇಟ್ಟುಕೊಳ್ಳುವುದೇ ಮೇಲು. ಎರಡರ ತೂಕ ಸೇರಿದರೂ ಒಂದು ಗೇಮಿಂಗ್ ಲ್ಯಾಪ್‌ಟಾಪಿನಷ್ಟೇ ಆಗುತ್ತದೆ. ಒಂದು ಕೆಟ್ಟರೆ ಇನ್ನೊಂದು ಉಳಿದಿರುತ್ತದೆ.

ಯಾವ ಗೇಮ್ ಆಡುತ್ತೀರಿ ಅನ್ನುವುದೂ ತೂಕಕ್ಕೆ ಬರಬೇಕು. ಮೌಸ್ ಇಲ್ಲದೆ ಆಗದ ತಂತ್ರದ ಆಟಗಳು, ಪರದೆ ತುಂಬ ಪಟ್ಟಿ, ಅಂಕಿ, ಸಣ್ಣ ಅಕ್ಷರ ಇರುವ ಆಟಗಳು 7 ಇಂಚಿನಲ್ಲಿ ಕಣ್ಣಿಗೆ ಶಿಕ್ಷೆ. ಅಂಥವರಿಗೆ 13–14 ಇಂಚೇ ಸರಿ. ಓಟದ, ಜಿಗಿತದ, ಕಥೆಯ ಆಟಗಳಿಗೆ ಕೈಯಲ್ಲಿ ಹಿಡಿಯುವುದೇ ಹಿತ. ಇನ್ನೊಂದು ವಿಷಯ, ಸ್ಟೀಮ್ ಡೆಕ್ ಓಡುವುದು ವಿಂಡೋಸ್ ಮೇಲಲ್ಲ, ಲಿನಕ್ಸ್ ಮೇಲೆ. ಆನ್‌ಲೈನ್ ಸ್ಪರ್ಧೆಯ ಕೆಲವು ಗೇಮ್‌ಗಳ ಮೋಸ ತಡೆಯುವ ಸಾಫ್ಟ್‌ವೇರ್ ಅಲ್ಲಿ ಕೆಲಸ ಮಾಡುವುದಿಲ್ಲ. ನಿಮ್ಮ ನೆಚ್ಚಿನ ಗೇಮ್ ಅಂಥದ್ದಾಗಿದ್ದರೆ ವಿಂಡೋಸ್ ಯಂತ್ರವೇ ಬೇಕು.

ಹಗುರ ಲ್ಯಾಪ್‌ಟಾಪಿಗೆ ಹೊರಗಿನಿಂದ ಗ್ರಾಫಿಕ್ಸ್ ಪೆಟ್ಟಿಗೆ ಜೋಡಿಸುವ ದಾರಿಯೂ ಇದೆ. ಥಂಡರ್‌ಬೋಲ್ಟ್ 3 ತಂತಿಯಲ್ಲಿ ಸೆಕೆಂಡಿಗೆ 40 ಗಿಗಾಬಿಟ್ ಹೋಗುತ್ತದೆ. ಗ್ರಾಫಿಕ್ಸಿಗೆ ಅದು ಇಕ್ಕಟ್ಟು. ಆಕ್ಯುಲಿಂಕ್ ಅನ್ನುವ ಜೋಡಣೆಯಲ್ಲಿ 64 ಸಿಗುತ್ತದೆ, ನಷ್ಟ ಕಡಿಮೆ. ಹೊರಗಿನ ಮಾನಿಟರನ್ನು ಆ ಪೆಟ್ಟಿಗೆಗೇ ಜೋಡಿಸಿದರೆ ಇನ್ನೂ ಒಳ್ಳೆಯದು, ಚಿತ್ರ ಅದೇ ತಂತಿಯಲ್ಲಿ ವಾಪಸ್ ಬರುವುದು ತಪ್ಪುತ್ತದೆ. ಒಂದೇ ಕಡೆ ಕೂತು ಆಡುವವರಿಗೆ ಇದು ಸರಿ. ಹೊತ್ತು ತಿರುಗುವ ವಸ್ತು ಮಾತ್ರ ಅದಲ್ಲ. ಮನೆಯಲ್ಲಿ ಆಗಲೇ ದೊಡ್ಡ ಕಂಪ್ಯೂಟರ್ ಇದ್ದರೆ ಹೊಸದೇನೂ ಕೊಳ್ಳದೆ ಅದರ ಗೇಮನ್ನೇ ವೈಫೈ ಮೂಲಕ ಚಿಕ್ಕ ಲ್ಯಾಪ್‌ಟಾಪಿಗೆ ಹರಿಸಿ ನೋಡಿ. ವಾಲ್ವ್ ಕಂಪನಿಯ ಗೇಮ್ ಅಂಗಡಿಯಾದ ಸ್ಟೀಮ್‌ನಲ್ಲಿ 2014ರಿಂದಲೇ ಈ ಸೌಲಭ್ಯ ಇದೆ. ತಿಂಗಳುಗಟ್ಟಲೆ ಯೋಚಿಸುವ ಬದಲು ಒಂದು ಸಂಜೆ ಇದನ್ನು ಮಾಡಿದರೆ ಹಲವರ ಆಸೆ ಅಲ್ಲೇ ತೀರುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದೇ ಯಂತ್ರ ಸಾಕು, ಅದರಲ್ಲೇ ಕೆಲಸ, ಅದರಲ್ಲೇ ಆಟ ಅನ್ನುವವರಿಗೆ ನನ್ನ ಸಲಹೆ 14 ಇಂಚು. ಬೇರೆ ಗ್ರಾಫಿಕ್ಸ್ ಚಿಪ್ಪಿಗೆ ಉಸಿರಾಡಲು ಜಾಗ ಸಿಗುವ ಕೊನೆಯ ಅಳತೆ ಅದು. ಅದಕ್ಕಿಂತ ಚಿಕ್ಕದು ಬೇಕೇ ಬೇಕು ಅಂದರೆ ಬೇರೆ ಗ್ರಾಫಿಕ್ಸ್ ಚಿಪ್ಪಿನ ಆಸೆ ಬಿಟ್ಟು, ಒಳಗೇ ಒಳ್ಳೆಯ ಗ್ರಾಫಿಕ್ಸ್ ಇರುವುದನ್ನು ಆರಿಸಿ.

ತಂದ ಮೇಲೆ ಒಂದು ಪರೀಕ್ಷೆ ಮಾಡಿ. ನೀವು ಅತಿ ಹೆಚ್ಚು ಆಡುವ ಗೇಮನ್ನೇ ಹಾಕಿ. ಐದನೇ ನಿಮಿಷದಲ್ಲಿ ಫ್ರೇಮ್ ಸಂಖ್ಯೆ, ಉಷ್ಣತೆ, ಗ್ರಾಫಿಕ್ಸ್ ಎಳೆಯುತ್ತಿರುವ ವ್ಯಾಟ್ ಮೂರನ್ನೂ ಬರೆದುಕೊಳ್ಳಿ. ನಿಲ್ಲಿಸದೆ ಆಡಿ, ನಲವತ್ತನೇ ನಿಮಿಷದಲ್ಲಿ ಮತ್ತೆ ಬರೆಯಿರಿ. ಒಮ್ಮೆ ಮೇಜಿನ ಮೇಲೆ, ಇನ್ನೊಮ್ಮೆ ತೊಡೆಯ ಮೇಲೆ. ತೊಡೆಯ ಮೇಲಿಟ್ಟಾಗ ಕೆಳಗಿನ ಗಾಳಿಯ ತೂತುಗಳು ಮುಚ್ಚುತ್ತವಲ್ಲ, ಸಂಖ್ಯೆ ಎಷ್ಟು ಬೀಳುತ್ತದೆ ನೋಡಿ. ಆಮೇಲೆ ಎಡಗೈ ಬೆರಳುಗಳನ್ನು ಡಬ್ಲ್ಯೂ, ಎ, ಎಸ್, ಡಿ ಕೀಲಿಗಳ ಮೇಲೆ ಸುಮ್ನೆ ಐದು ನಿಮಿಷ ಇಟ್ಟಿರಿ. ಬೆರಳು ತಾನಾಗಿಯೇ ಎದ್ದರೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಆ ಯಂತ್ರವನ್ನು ವಾಪಸ್ ಕೊಟ್ಟುಬಿಡಿ.